ಗೋಡೆಯ ಮೇಲಿನ ನಾಲ್ಕು ಸಾಲು

ಕುಮಾಸಿಯಲ್ಲಿ ಶನಿವಾರವೆಂದರೆ ಸತ್ತವರ ದಿನ. ಬದುಕಿರುವವರಿಗೆ ವಾರದ ಉಳಿದ ದಿನಗಳಿವೆಯಲ್ಲ, ಅಷ್ಟು ಸಾಕು. ಆ ಶನಿವಾರ ಬೆಳಿಗ್ಗೆ ವಿದ್ಯುತ್ ಕಂಪನಿಯ ಪ್ರಾಂತ ಕಚೇರಿಯಲ್ಲಿ ಹೆಚ್ಚುಕಡಿಮೆ ಒಂದು ನರಪಿಳ್ಳೆಯೂ ಇರಲಿಲ್ಲ. ಯೂನಿಯನ್ನಿನ ಹಿರಿಯ ತವಿಯಾ ಅವರ ತಾಯಿಯ ಮಣ್ಣು ಎಫಿಡುವಾಸಿಯಲ್ಲಿ ಎಂದು ಗೊತ್ತಾದ ಮೇಲೆ ಇಂಜಿನಿಯರಿನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಕಪ್ಪು-ಬಿಳಿ ಬಟ್ಟೆ ಹೊಲಿಸಿಕೊಂಡಿದ್ದರು. ದೊಡ್ಡವರು ಶುಕ್ರವಾರ ಮಧ್ಯಾಹ್ನವೇ ಗಾಡಿ ಹತ್ತಿದ್ದರು. ಮೊಮ್ಮಕ್ಕಳ ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜಿ ಅದು. ಅಂಥವಳ ಮಣ್ಣಿಗೆ ಹೋಗದವನನ್ನು ಆ ಸೀಮೆಯವರು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಫೋರಿವಾ ಮಾತ್ರ ತನ್ನ ಮೇಜಿನ ಮುಂದೆ ಕೂತಿದ್ದಳು. ಕಂಪನಿಯ ಒಳಜಾಲ ನೋಡಿಕೊಳ್ಳುವುದು ಅವಳ ಕೆಲಸ. ಹೊರಗಿನವರಿಗೆ ಕಾಣದ, ಕೆಲಸಗಾರರಷ್ಟೇ ತೆರೆದು ನೋಡಬಹುದಾದ ಆ ಜಾಲತಾಣದಲ್ಲಿ ಸುತ್ತೋಲೆ, ಪಾಳಿ, ಎಚ್ಚರಿಕೆ ಎಲ್ಲ ಇರುತ್ತಿದ್ದವು. ಜನ ಅದಕ್ಕೆ ಇಟ್ಟ ಹೆಸರು ‘ಗೋಡೆ’. ಊರಿನ ಗೋಡೆಗಳಿಗೆ ಸತ್ತವರ ಪಟ ಅಂಟಿಸುವ ಹಾಗೆ ಇದಕ್ಕೂ ಅಂಟಿಸುತ್ತಿದ್ದರು, ಅದಕ್ಕೇ ಆ ಹೆಸರು ಬಂದಿತ್ತು.

ಮೊದಲಿನ ಗೋಡೆಯ ಅವಾಂತರವನ್ನು ಕೇಳಬೇಕು. ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದಿತ್ತು. ಒಬ್ಬನ ಅತ್ತೆಯ ಪಟ ಬಿತ್ತೆಂದರೆ ಅದರ ಕೆಳಗೆ ಸಂತೆ ನೆರೆಯುತ್ತಿತ್ತು. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ ಎನ್ನುವವನೊಬ್ಬ, ನನ್ನ ಪಾಳಿ ಯಾರಾದರೂ ಹಿಡಿಯಿರಪ್ಪ ಎನ್ನುವವನೊಬ್ಬ, ನಮ್ಮ ದೊಡ್ಡಪ್ಪನ ಮಣ್ಣಿಗೆ ನೀನು ಬರಲಿಲ್ಲ, ಈಗ ನಾನ್ಯಾಕೆ ಬರಲಿ ಎಂದು ಜಗಳ ತೆಗೆಯುವವನು ಮತ್ತೊಬ್ಬ. ಹಿಂದಿನ ಮಳೆಗಾಲದಲ್ಲಿ, ಒಂದು ಕಾರ್ಖಾನೆಯ ಜನರೇಟರಿನಿಂದ ಲೈನಿಗೆ ಹಿಂದಿನಿಂದ ಕರೆಂಟು ನುಗ್ಗುತ್ತಿದೆ, ಯಾರೂ ಮುಟ್ಟಬೇಡಿ ಎಂಬ ಎಚ್ಚರಿಕೆ ಈ ಪಟಗಳ ರಾಶಿಯಡಿ ಹೂತುಹೋಯಿತು. ಆಂಪೊನ್ಸಾ ಎಂಬ ಲೈನ್‌ಮನ್ ಕಣ್ಣಿಗೆ ಅದು ಬೀಳಲೇ ಇಲ್ಲ. ಅವನು ಲೈನ್ ಮುಟ್ಟಿದ. ಜೀವ ಉಳಿಯಿತು, ಬಲಗೈಯ ಬೆರಳುಗಳು ಹೋದವು. ಚಂಗನೆ ಕಂಬ ಹತ್ತುತ್ತಿದ್ದವನು ಈಗ ಕಚೇರಿಯ ಗೇಟಿನಲ್ಲಿ ಕೂತು ಬಂದು ಹೋಗುವ ಗಾಡಿಗಳಿಗೆ ಕಂಬಿ ಎತ್ತುತ್ತಾನೆ.

ಆಸ್ಪತ್ರೆಯಲ್ಲಿ ಅವನ ಕಟ್ಟು ಹಾಕಿದ ಕೈ ನೋಡಿ ಬಂದ ಒಫೋರಿವಾ ಅದೇ ಸಂಕಟದಲ್ಲಿ ಕೂತು ನಿಯಮ ಬರೆದಳು. ಯಾವ ಸೂಚನೆಯಾದರೂ ಮೊದಲು ವಿಭಾಗದ ಮುಖ್ಯಸ್ಥರ ಒಪ್ಪಿಗೆ, ಆಮೇಲೆ ತನ್ನ ಒಪ್ಪಿಗೆ, ಆಮೇಲೆ ಗೋಡೆಗೆ. ಎಚ್ಚರಿಕೆಗಳು ಎಲ್ಲಕ್ಕಿಂತ ಮೇಲೆ. ಯಾವುದೇ ಲೈನಿಗೆ ಕರೆಂಟು ಬಿಡುವ ಮೊದಲು ಅದರ ಸೂಚನೆ ಕಂಟ್ರೋಲ್ ರೂಮಿನಿಂದ ನೇರವಾಗಿ ತನಗೆ ಬಂದು, ತನ್ನ ಒಪ್ಪಿಗೆ ಪಡೆದು ಗೋಡೆಯ ಮೇಲೆ ಕಾಣಬೇಕು. ಸಾವಿನ ಸುದ್ದಿಗೆ ಬೇರೆಯೇ ಪುಟ. ಅದರಲ್ಲಿ ನಾಲ್ಕೇ ಸಾಲು. ಸತ್ತವರು ಯಾರು, ಮಣ್ಣು ಎಂದು, ಎಲ್ಲಿ, ಯಾವ ಬಣ್ಣದ ಬಟ್ಟೆ. ಐದನೆಯ ಸಾಲು ಇಲ್ಲ, ಕೆಳಗೆ ಯಾರೂ ಬರೆಯುವ ಹಾಗೂ ಇಲ್ಲ.

ಜನ ಸುಮ್ಮನಿರುತ್ತಾರೆಯೇ? “ನೆಗಡಿ ಬಂತೂಂತ ಮೂಗೇ ಕೊಯ್ದುಬಿಟ್ಟಳು ಮಹಾತಾಯಿ” ಎಂದು ಊಟದ ಮನೆಯಲ್ಲಿ ಅವಳಿಗೆ ಕೇಳಿಸುವಂತೆಯೇ ಆಡಿದರು. ತವಿಯಾ ಒಂದು ದಿನ ಅವಳ ಬಾಗಿಲಿಗೇ ಬಂದು ನಿಂತರು. ಸೋದರಮಾವನನ್ನು ಕರೆಯುವ ಹಾಗೆ ಅವರನ್ನು ಎಲ್ಲರೂ ವೋಫಾ ಎಂದೇ ಕರೆಯುತ್ತಿದ್ದರು.

“ಏನಮ್ಮ, ಸತ್ತೋರನ್ನೆಲ್ಲ ನಾಲ್ಕು ಸಾಲಿಗೆ ಇಳಿಸ್ಬಿಟ್ಯಲ್ಲ.”

“ಬದುಕಿರೋರ ಬೆರಳು ಉಳೀಲಿ ಅಂತ, ವೋಫಾ.”

ಅವರು ತಲೆ ಕೊಡವಿ ಹೊರಟುಹೋಗಿದ್ದರು. ಆ ಮಾತು ಗೆದ್ದೆನೆಂದು ಒಫೋರಿವಾಗೆ ಎಷ್ಟೋ ದಿನ ಹಿಗ್ಗಿತ್ತು. ಗೋಡೆ ಈಗ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆದರೂ ಹಳೇ ಚಾಳಿ ಬಿಡದವರು ಸಾವಿನ ಸುದ್ದಿಗೆ ಒಂದೊಂದು ಸಾಲು ಸೇರಿಸಿ ಅಂತ ಕಳಿಸುತ್ತಲೇ ಇದ್ದರು. ಅವೆಲ್ಲ ಒಪ್ಪಿಗೆಗಾಗಿ ಅವಳ ಪರದೆಗೆ ಬಂದು ನಿಲ್ಲುತ್ತಿದ್ದವು. ಅವಳು ಓದುತ್ತಿದ್ದಳು, ಅಳಿಸುತ್ತಿದ್ದಳು. ಅಳಿಸಿದ್ದು ಅಳಿಸಿಯೇ ಹೋಗಬೇಕು, ಎಲ್ಲೂ ಕಸ ಉಳಿಯಬಾರದು ಎಂದು ಹಾಗೆ ಮಾಡಿಸಿದ್ದವಳೂ ಅವಳೇ.

ಬಿಸಿಲೇರುವ ಹೊತ್ತಿಗೆ ಕಂಟ್ರೋಲ್ ರೂಮಿನಿಂದ ಒಂದು ಸೂಚನೆ ಬಂದು ಪರದೆಯ ಮೇಲೆ ನಿಂತಿತು. ‘ಎಜಿಸು ಲೈನ್. ಕೆಲಸದ ಚೀಟಿ ವಾಪಸು ಬಂದಿದೆ, ಶುಕ್ರವಾರ ಸಂಜೆ, ಫ್ರಿಂಪಾಂಗ್. ಲೈನ್ ಮೇಲೆ ಯಾರೂ ಇಲ್ಲ. ಕರೆಂಟು ಬಿಡಲಾಗುವುದು.’

ಕೆಲಸದ ಚೀಟಿ ಅಂದರೆ ಕಂಬ ಹತ್ತುವವರ ಪ್ರಾಣ. ತಂಡದ ಮುಖ್ಯಸ್ಥ ಅದನ್ನು ಪಡೆದ ಮೇಲೆಯೇ ಕಂಬ ಹತ್ತಬೇಕು. ಅವನು ವಾಪಸು ಕೊಡುವವರೆಗೆ ಆ ಲೈನಿಗೆ ಕರೆಂಟು ಬಿಡುವ ಹಾಗಿಲ್ಲ. ಫ್ರಿಂಪಾಂಗ್ ವಾಪಸು ಕೊಟ್ಟಿದ್ದಾನೆ, ಸಹಿ ಇದೆ, ಹೊತ್ತು ಇದೆ. ನಿಯಮದ ಪ್ರಕಾರ ಎಲ್ಲ ಸರಿ. ಒಫೋರಿವಾಳ ಬೆರಳು ಒಪ್ಪಿಗೆಯ ಗುಂಡಿಯ ತನಕ ಹೋಯಿತು. ಅಲ್ಲೇ ನಿಂತಿತು.

ಫ್ರಿಂಪಾಂಗ್. ಈ ಹೆಸರನ್ನು ನಿನ್ನೆ ಎಲ್ಲೋ ನೋಡಿದೆನಲ್ಲ?

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನ ಲಾರ್ಟೆ. ರಾಜಧಾನಿ ಅಕ್ರಾದಿಂದ ಬಂದು ಮೂರು ತಿಂಗಳೂ ಆಗಿರಲಿಲ್ಲ, ಒಳ್ಳೆಯ ಹುಡುಗ, ನಿಯಮ ಎಂದರೆ ಅವನಿಗೆ ವೇದವಾಕ್ಯ.

“ಸಿಸ್ಟರ್, ಸೂಚನೆ ಕಳ್ಸಿದೀನಿ, ಒಪ್ಪಿಗೆ ಒತ್ತಿ. ಆ ಲೈನ್ ಕೊನೇಲಿ ಹೆರಿಗೆ ಆಸ್ಪತ್ರೆ ಇದೆ. ಜನರೇಟರು ಕೆಮ್ತಾ ಇದೆಯಂತೆ. ಒಳಗೆ ಆಪರೇಷನ್ ಮೇಜಿನ ಮೇಲೆ ಒಬ್ಳು ಮಲಗಿದಾಳೆ.”

“ಬ್ರದರ್ ಲಾರ್ಟೆ, ಫ್ರಿಂಪಾಂಗ್ ಜೊತೆ ಮಾತಾಡಿದ್ಯಾ?”

“ಫೋನು ಎತ್ತಲ್ಲ ಅವನು. ಆ ಅಜ್ಜಿಯ ಮೊಮ್ಮಗಳ ಗಂಡ ಅಲ್ವಾ, ಪೆಟ್ಟಿಗೆಗೆ ಹೆಗಲು ಕೊಡ್ತಿರ್ತಾನೆ. ಮಾತಾಡೋದು ಏನಿದೆ? ಚೀಟಿ ನನ್ನ ಕೈಲಿದೆ.”

“ನೀನು ಗೋಡೆ ನೋಡಿದ್ಯಾ?”

“ನೋಡ್ದೆ. ಮಣ್ಣಿನ ಶನಿವಾರ ಕರೆಂಟು ಬಿಡೋ ಮುಂಚೆ ಗೋಡೆ ನೋಡು ಅಂತ ಹಳಬರು ಹೇಳಿದ್ರು. ಯಾಕೆ ಅಂತ ಹೇಳ್ಲಿಲ್ಲ. ನೋಡ್ದೆ. ಅಜ್ಜಿ ಹೆಸ್ರು, ದಿನ, ಊರು, ಬಟ್ಟೆ. ಅಷ್ಟೇ ಇದೆ. ಏನೂ ತೊಂದ್ರೆ ಇಲ್ಲ.”

ಒಫೋರಿವಾ ಗುಂಡಿಯಿಂದ ಬೆರಳು ಹಿಂದಕ್ಕೆ ತೆಗೆದಳು. ಯಾಕೆಂದು ಇನ್ನೂ ತಿಳಿಯಲಿಲ್ಲ.

“ಸ್ವಲ್ಪ ತಡಿ.”

“ಯಾಕೆ ತಡೀಬೇಕು? ಕಾರಣ ಬರೆದು ಕೊಡಿ. ಇಲ್ಲಾಂದ್ರೆ, ಆಸ್ಪತ್ರೆ ವಿಷಯದಲ್ಲಿ ಕಂಟ್ರೋಲ್ ರೂಮು ಒಪ್ಪಿಗೆ ಇಲ್ದೇನೂ ಕರೆಂಟು ಬಿಡಬಹುದು ಅಂತ ನಿಮ್ಮ ನಿಯಮದಲ್ಲೇ ಇದೆ. ಹತ್ತು ನಿಮಿಷ ಕಾಯ್ತೀನಿ. ಆಮೇಲೆ ನನ್ನನ್ನ ಬೈಬೇಡಿ.”

ಅವನು ಫೋನಿಟ್ಟ. ಒಫೋರಿವಾ ಕಣ್ಣು ಮುಚ್ಚಿ ನಿನ್ನೆಯ ಸಂಜೆಯನ್ನು ನೆನೆಸಿಕೊಳ್ಳಲು ನೋಡಿದಳು. ಅಜ್ಜಿಯ ಸುದ್ದಿಗೆ ಸೇರಿಸಿ ಎಂದು ಬಂದ ಸಾಲುಗಳು ಒಂದೇ ಎರಡೇ! ಬಟ್ಟೆ ಅಂಗಡಿಯಲ್ಲಿ ಕಪ್ಪು ಮುಗಿದಿದೆ, ಬಿಳಿಗೆ ಕಪ್ಪು ಅಂಚು ನಡೆಯುತ್ತದಾ? ನಮ್ಮ ಗಾಡಿ ಆರಕ್ಕೆ ಬಿಡುತ್ತದೆ, ತಡವಾದವರು ನಡಕೊಂಡು ಬನ್ನಿ. ಯಾರೋ ಕುರ್ಚಿ ಕೇಳಿದ್ದರು, ಯಾರೋ ಡೋಲಿನವರ ಫೋನು ನಂಬರು. ಈ ಗದ್ದಲದ ನಡುವೆ ಫ್ರಿಂಪಾಂಗನದೂ ಒಂದು ಸಾಲಿತ್ತು. ಅದರಲ್ಲಿ ಏನಿತ್ತು? ಸೀಟೇ? ಕುರ್ಚಿಯೇ? ಓದಿದ್ದು ನಿಜ. ಓದಿ, ಬೇಸರದಿಂದ ನಾಲಗೆ ಲೊಚಗುಟ್ಟಿ, ಅಳಿಸಿದ್ದೂ ನಿಜ. ಕಾಫಿ ತಣ್ಣಗಾಗಿತ್ತೆನ್ನುವುದೂ ನೆನಪಿದೆ, ಆ ಸಾಲು ಮಾತ್ರ ನೆನಪಿಗೆ ಬರುತ್ತಿಲ್ಲ. ಹಾಳು ತಲೆ ಎಂದು ತನ್ನನ್ನೇ ಬೈದುಕೊಂಡಳು.

ಫ್ರಿಂಪಾಂಗನಿಗೆ ಫೋನು ಹಚ್ಚಿದಳು. ಬಡಿದು ಬಡಿದು ನಿಂತಿತು. ಇಂಜಿನಿಯರಿನ ಫೋನು ಸತ್ತಿತ್ತು. ಇನ್ನು ಉಳಿದದ್ದು ವೋಫಾ ತವಿಯಾ. ಹೆತ್ತ ತಾಯಿಯನ್ನು ಮಣ್ಣಿಗಿಡುವವನಿಗೆ ಫೋನು ಮಾಡುವುದು ಎಂಥ ಮುಖ ಹೊತ್ತುಕೊಂಡು? ಆದರೂ ಮಾಡಿದಳು. ಯಾರೋ ಎತ್ತಿದರು. ಆ ಕಡೆ ಡೋಲಿನ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು.

“ಎಜಿಸು ಲೈನಿನ ವಿಷಯ! ಫ್ರಿಂಪಾಂಗ್‌ನ ಕರೀರಿ!” ಎಂದು ಇವಳು ಕಿರುಚಿದಳು.

“ಯಾರು? ಕೇಳಿಸ್ತಿಲ್ಲ! ಊಟ ಎಲ್ಲಾರ್ಗೂ ಇದೆ, ಬನ್ನಿ ಬನ್ನಿ!” ಎಂದು ಆ ಕಡೆಯ ಗಂಡಸು ಸಂತೋಷದಿಂದ ಕೂಗಿ ಫೋನಿಟ್ಟ.

ಅಳು ಬರುವುದೊಂದು ಬಾಕಿ. ಗೋಡೆಯ ಮೇಲ್ತುದಿಗೆ ತಾನೇ ಬರೆಯುತ್ತೇನೆಂದು ಕೂತಳು. ‘ಎಜಿಸು ಲೈನ್: ಕರೆಂಟು ಬಿಡಬೇಡಿ.’ ಗುಂಡಿ ಒತ್ತಿದಳು. ಪರದೆ ಬಹಳ ವಿನಯದಿಂದ ಉತ್ತರ ಕೊಟ್ಟಿತು: ವಿಭಾಗದ ಮುಖ್ಯಸ್ಥರ ಒಪ್ಪಿಗೆಗೆ ಕಳಿಸಲಾಗಿದೆ. ವಿಭಾಗದ ಮುಖ್ಯಸ್ಥರು ಎಫಿಡುವಾಸಿಯ ಶಾಮಿಯಾನದ ಕೆಳಗೆ ಕಪ್ಪು-ಬಿಳಿ ಉಟ್ಟು ಕೂತಿದ್ದರು. ಯಾರನ್ನೂ ನಂಬದೆ ಕಟ್ಟಿದ ಬೇಲಿ, ಕಟ್ಟಿದವಳನ್ನೂ ನಂಬಲಿಲ್ಲ.

ಕೊನೆಗೆ ನೆನಪಾದದ್ದು ಗೇಟು. ಕಂಟ್ರೋಲ್ ರೂಮು ಬಿಟ್ಟರೆ ಕಚೇರಿಯಲ್ಲಿ ಆ ಹೊತ್ತಿಗೆ ಉಸಿರಾಡುತ್ತಿದ್ದ ಇನ್ನೊಂದು ಜೀವ ಅಲ್ಲಿತ್ತು. ಅಲ್ಲಿಗೆ ಫೋನು ಹಚ್ಚಿದಳು.

“ಆಂಪೊನ್ಸಾ, ಇವತ್ತು ಬೆಳಿಗ್ಗೆ ಗಾಡಿ ಏನಾದ್ರೂ ಹೊರಗೆ ಹೋಯ್ತಾ?”

“ಹೋಯ್ತಲ್ಲ ಅಕ್ಕ. ಏಣಿ ಗಾಡಿ. ನ್ಯಾರ್ಕೊ ಮತ್ತೆ ಅವನ ಹುಡುಗ್ರು. ಬ್ರೆಡ್ಡು ತಗೊಂಡು ಹೋಗ್ತಿದ್ರು, ನಂಗೂ ಒಂದು ಎಸೆದು ಹೋದ್ರು.”

“ಎಲ್ಲಿಗೆ?”

“ಎಜಿಸು ಕಡೆ. ನಿನ್ನೆ ಒಂದು ಕಂಬ ಕೊಳೆತಿತ್ತಂತೆ, ಅರ್ಧಕ್ಕೆ ಬಿಟ್ಟು ಬಂದ್ರಂತೆ. ಫ್ರಿಂಪಾಂಗ್ ಮಣ್ಣಿಗೆ ಹೋದ, ನ್ಯಾರ್ಕೊ ಅವನ ಚೀಟಿ ಹಿಡಿದಿದಾನೆ.”

“ಯಾವ ಚೀಟಿ? ಫ್ರಿಂಪಾಂಗ್ ಚೀಟಿ ವಾಪಸು ಕೊಟ್ಟಿದಾನಲ್ಲೋ!”

“ಕೊಡ್ಲೇಬೇಕಲ್ಲ, ಕೆಲಸ ಬಿಟ್ಟು ಊರಿಗೆ ಹೋಗೋನು ಚೀಟಿ ಇಟ್ಕೊಳಂಗಿಲ್ಲ. ಹೊಸ ಚೀಟಿಗೆ ಸಹಿ ಹಾಕೋ ಇಂಜಿನಿಯರು ನಿನ್ನೆ ಮಧ್ಯಾಹ್ನನೇ ಪರಾರಿ. ಅದಕ್ಕೇ ಮಣ್ಣಿನ ಶನಿವಾರ ಚೀಟಿ ಕೈ ಬದಲಾಗೋದು ಗೋಡೆ ಮೇಲೇ. ಸತ್ತೋರ ಪಟದ ಕೆಳಗೆ ಬರೀತಾರೆ, ಕಂಟ್ರೋಲ್ ರೂಮಿನೋರು ನೋಡ್ಕೋತಾರೆ. ನಮ್ಮಪ್ಪನ ಕಾಲದಲ್ಲಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ರು. ಯಾರಿಗೆ ಗೊತ್ತಿಲ್ಲ ಇದು?”

“ನಂಗೆ ಗೊತ್ತಿರ್ಲಿಲ್ಲ ಆಂಪೊನ್ಸಾ.”

“ನೀನು ಕೇಳ್ಲೂ ಇಲ್ಲವಲ್ಲ ಅಕ್ಕ.”

ಆಗ ಆ ಸಾಲು ನೆನಪಿಗೆ ಬಂತು, ಅಕ್ಷರ ಅಕ್ಷರವಾಗಿ ಬಂತು. ‘ಎಜಿಸು ಕೆಲಸ ಬಾಕಿ ಇದೆ, ನಾಳೆ ನನ್ನ ಚೀಟಿ ನ್ಯಾರ್ಕೊ ಹತ್ತಿರ.’ ಡೋಲಿನವರ ನಂಬರಿಗೂ ಕುರ್ಚಿಗಳ ಲೆಕ್ಕಕ್ಕೂ ನಡುವೆ ಇತ್ತು. ಐದನೆಯ ಸಾಲು.

ಕಂಟ್ರೋಲ್ ರೂಮಿಗೆ ಫೋನು ಹಚ್ಚಿದಳು. ಲಾರ್ಟೆ ಇನ್ನೊಂದು ಕರೆಯಲ್ಲಿದ್ದ, ಆಸ್ಪತ್ರೆಯವರ ಜೊತೆಯೇ ಇರಬೇಕು. ಇನ್ನೊಮ್ಮೆ ಹಚ್ಚಿದಳು. ಅದೇ ಸದ್ದು. ಗೋಡೆ ಗಡಿಯಾರದ ಕಡೆ ನೋಡಿದಳು, ನೋಡಬಾರದಿತ್ತು. ಫೋನನ್ನು ಎಸೆದು ಓಡಿದಳು.

ಕಂಟ್ರೋಲ್ ರೂಮು ಅಂಗಳದ ಆಚೆ ತುದಿಯಲ್ಲಿ, ಟ್ರಾನ್ಸ್‌ಫಾರ್ಮರುಗಳ ಬೇಲಿ ದಾಟಿ. ಒಫೋರಿವಾ ಓಡುವ ಮೈಕಟ್ಟಿನವಳಲ್ಲ. ಕೊನೆಯ ಸಲ ಓಡಿದ್ದು ಶಾಲೆಯಲ್ಲಿರಬೇಕು. ಜಲ್ಲಿಕಲ್ಲಿನ ಮೇಲೆ ಒಂದು ಚಪ್ಪಲಿ ಕಿತ್ತುಹೋಯಿತು. ಅವಳ ತಲೆಯಲ್ಲಿ ಇದ್ದದ್ದು ನ್ಯಾರ್ಕೊ ಒಬ್ಬನೇ. ಕಂಬದ ಮೇಲೆ ಸೊಂಟಪಟ್ಟಿ ಬಿಗಿದು, ಎರಡೂ ಕೈಯಲ್ಲಿ ತಂತಿ ಹಿಡಿದು, ಹಾಡುತ್ತಾ ಕೆಲಸ ಮಾಡುವವನು ಅವನು. ಲೈನ್ ಸತ್ತಿದೆ ಎಂದು ನಂಬಿ ಹಿಡಿದಿರುತ್ತಾನೆ. ಅಕಸ್ಮಾತ್ ಕರೆಂಟು ಬಂದರೂ ನೆಲಕ್ಕಿಳಿಸಿಬಿಡುವ ತಾಮ್ರದ ಸರಪಳಿಯನ್ನು ತಂತಿಗೆ ಸಿಕ್ಕಿಸಿರಬೇಕಿತ್ತು. ಆದರೆ ಆ ತಂಡದ ಸರಪಳಿ ಹಿಂದಿನ ತಿಂಗಳೇ ಕಳ್ಳರ ಪಾಲಾಗಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಆ ಕಳ್ಳತನದ ಸೂಚನೆಗೆ ಒಪ್ಪಿಗೆ ಒತ್ತಿ ಗೋಡೆಗೆ ಹಾಕಿದವಳೂ ಇವಳೇ, ಅಚ್ಚುಕಟ್ಟಾಗಿ.

ಕಂಟ್ರೋಲ್ ರೂಮಿನ ಬಾಗಿಲು ಕಬ್ಬಿಣದ್ದು, ಒಳಗಿನಿಂದ ಚಿಲಕ. ಪಕ್ಕದಲ್ಲಿ ದಪ್ಪ ಗಾಜಿನ ಕಿಟಕಿ. ಸಿಬ್ಬಂದಿ ಬಿಟ್ಟು ಯಾರಿಗೂ ಪ್ರವೇಶವಿಲ್ಲ ಎಂದು ಬಾಗಿಲ ಮೇಲೆ ಅಂಟಿಸಿದ್ದ ಕಾಗದ ಕೂಡ ಅವಳ ಕಚೇರಿಯಿಂದಲೇ ಹೋದದ್ದು. ಗಾಜಿನಾಚೆ ಲಾರ್ಟೆ ಬೆನ್ನು ಮಾಡಿ ನಿಂತಿದ್ದ. ಫೋನನ್ನು ಕೆಳಗಿಟ್ಟ. ಲೈನುಗಳ ಸ್ವಿಚ್ಚುಗಳಿದ್ದ ಫಲಕದ ಮುಂದೆ ಹೋದ. ಕೈಗವಸು ಹಾಕಿಕೊಂಡ.

ಒಫೋರಿವಾ ಉಳಿದಿದ್ದ ಚಪ್ಪಲಿಯನ್ನು ಕಾಲಿನಿಂದ ಕಿತ್ತು ಗಾಜಿಗೆ ಬಡಿದಳು. ಒಳಗೆ ಯಂತ್ರಗಳ ಗುಂಯ್‌ಗುಡಿತ, ಏನು ಕೇಳುತ್ತದೆ? ಮತ್ತೆ ಬಡಿದಳು. ಲಾರ್ಟೆ ತಿರುಗಿ ನೋಡಿದ. ಅವಳನ್ನು ಕಂಡು ಅವನಿಗೆ ರೇಗಿತು, ಮುಖದಲ್ಲೇ ಗೊತ್ತಾಗುತ್ತಿತ್ತು. ಬಾಗಿಲ ಮೇಲಿನ ಕಾಗದದ ಕಡೆ ಬೆರಳು ತೋರಿಸಿದ. ಗೋಡೆಯ ಗಡಿಯಾರ ತೋರಿಸಿದ. ಹತ್ತು ನಿಮಿಷ ಆಯಿತು. ಮತ್ತೆ ಫಲಕದ ಕಡೆ ತಿರುಗಿ ಹಿಡಿಯ ಮೇಲೆ ಕೈ ಇಟ್ಟ.

“ಜನ ಇದಾರೆ! ಮೇಲೆ ಜನ ಇದಾರೆ ಕಣೋ!” ಎಂದು ಅವಳು ಬೊಬ್ಬೆ ಹೊಡೆದಳು. ಆ ದನಿ ಅವಳ ಕಿವಿಗಷ್ಟೇ ಬಿತ್ತು. ಮಾತು ಗಾಜು ದಾಟುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಮುಷ್ಟಿಯಿಂದ ಗುದ್ದಿದಳು, ಇಡೀ ಮೈಯನ್ನೇ ಎತ್ತಿ ಕಿಟಕಿಗೆ ಅಪ್ಪಳಿಸಿದಳು. ಲಾರ್ಟೆ ಹಿಡಿ ಬಿಡದೆಯೇ ಕತ್ತು ಹೊರಳಿಸಿದ. ಆಗ ಅವಳು ಬಲಗೈ ಎತ್ತಿ ಬೆರಳುಗಳನ್ನೆಲ್ಲ ಒಳಗೆ ಮಡಚಿ, ಬರೀ ಅಂಗೈಯ ಮೊಂಡನ್ನು ಗಾಜಿಗೆ ಒತ್ತಿ ಹಿಡಿದಳು.

ದಿನಾ ಬೆಳಿಗ್ಗೆ ಗೇಟಿನಲ್ಲಿ ಅಂಥದೇ ಕೈಯಿಂದ ಸಲಾಮು ಪಡೆದು ಒಳಗೆ ಬರುವವನು ಲಾರ್ಟೆ. ಒಂದು ಗಳಿಗೆ ಆ ಕೈಯನ್ನೇ ನೋಡಿದ. ಆಮೇಲೆ ಕೆಂಡ ಮುಟ್ಟಿದವನಂತೆ ಹಿಡಿ ಬಿಟ್ಟು ಹಿಂದೆ ಸರಿದ.

ಬಾಗಿಲು ತೆಗೆದಾಗ ಒಫೋರಿವಾಗೆ ಉಸಿರೇ ಬರುತ್ತಿರಲಿಲ್ಲ. “ನ್ಯಾರ್ಕೊ... ಎಜಿಸು... ಕಂಬದ ಮೇಲೆ” ಎಂದಷ್ಟೇ ಹೇಳಿದಳು. ಲಾರ್ಟೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. “ನಾನು ಗೋಡೆ ನೋಡ್ದೆ ಸಿಸ್ಟರ್. ನೋಡ್ದೆ. ಅದ್ರಲ್ಲಿ ಏನೂ ಇರ್ಲಿಲ್ಲ. ದೇವರಾಣೆ ಏನೂ ಇರ್ಲಿಲ್ಲ” ಎಂದು ಅದನ್ನೇ ಹೇಳುತ್ತಾ ಹೋದ. ಆಸ್ಪತ್ರೆಯ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು.

“ಏಳು” ಎಂದಳು ಒಫೋರಿವಾ. “ಆ ಹೆಂಗಸಿಗೂ ಏನಾದ್ರೂ ಆದ್ರೆ ನಾವಿಬ್ರೂ ಬದುಕೋದು ಹೇಗೆ? ಬೇರೆ ದಾರಿ ಇಲ್ವಾ?”

ಇತ್ತು. ಇನ್ನೊಂದು ದಿಕ್ಕಿನ ಮರದ ಮಿಲ್ಲಿನ ಲೈನು ಕಡಿದು ಆಸ್ಪತ್ರೆಗೆ ತಿರುಗಿಸಬಹುದಿತ್ತು. ಅದಕ್ಕೂ ಇಂಜಿನಿಯರಿನ ಒಪ್ಪಿಗೆ ಬೇಕು, ಮಿಲ್ಲಿನವರು ಕಂಪನಿಯ ಮೇಲೆ ಕೇಸು ಹಾಕುವ ಪೈಕಿ. ಲಾರ್ಟೆ ಅವಳ ಮುಖ ನೋಡಿದ. “ತಿರುಗಿಸು, ನನ್ನ ಹೆಸರು ಬರಿ” ಎಂದಳು. ಅವನು ಎದ್ದ. ತಪ್ಪಿಲ್ಲದೆ ಒಂದೊಂದೇ ಹಿಡಿ ತಿರುಗಿಸಿದ. ಆಸ್ಪತ್ರೆಯವರು ದೀಪ ಬಂತು ಎಂದು ಹೇಳಿ ಥ್ಯಾಂಕ್ಸ್ ಕೂಡ ಹೇಳದೆ ಫೋನಿಟ್ಟರು. ಏಣಿ ಗಾಡಿಯ ಡ್ರೈವರ್ ಎಷ್ಟೋ ಹೊತ್ತಿನ ಮೇಲೆ ಫೋನು ಎತ್ತಿದ. “ನ್ಯಾರ್ಕೊನಾ? ಮೇಲಿದಾನೆ. ತಂತಿ ಕಟ್ತಾ ಇದಾನೆ. ಏನಾದ್ರೂ ಹೇಳ್ಬೇಕಾ?” ಎಂದು ಬ್ರೆಡ್ಡು ಜಗಿಯುತ್ತಾ ಕೇಳಿದ. ಕೆಳಗಿಳಿಯಲು ಹೇಳು ಎಂದ ಲಾರ್ಟೆ. ಇಂಜಿನಿಯರಿನ ಸಹಿಯ ಜಾಗಕ್ಕೂ ಒಫೋರಿವಾಳ ಹೆಸರೇ ಹಾಕಿ ಹೊಸ ಚೀಟಿ ಬರೆದು, ಫೋನಿನಲ್ಲಿ ಓದಿ ಹೇಳಿದ ಮೇಲೆಯೇ ಅವರು ಮತ್ತೆ ಹತ್ತಿದರು.

ಮಧ್ಯಾಹ್ನ ಪಾಳಿಯವನಿಗೆ ಎಲ್ಲ ಒಪ್ಪಿಸಿ, ಕಪ್ಪು-ಬಿಳಿ ಬಟ್ಟೆ ಉಟ್ಟು ಒಫೋರಿವಾ ಎಫಿಡುವಾಸಿಗೆ ಹೊರಟಳು. ಗೇಟಿನಲ್ಲಿ ಆಂಪೊನ್ಸಾ ಕಂಬಿ ಎತ್ತಿದ.

“ಇನ್ಮೇಲೆ ಗೋಡೆ ಬಾಗಿಲು ತೆಗೀತೀಯಾ ಅಕ್ಕ?”

“ತೆ‌ಗೀಬೇಕು ಕಣೋ.”

“ತೆಗಿ. ಆದ್ರೆ ಮೊದ್ಲಿನ ಥರ ಸಂತೆ ಮಾಡ್ಬೇಡ.” ಅವನು ಬಲಗೈಯನ್ನು ಎತ್ತಿ ತೋರಿಸಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡ. “ಆ ಜನರೇಟರಿನ ಎಚ್ಚರಿಕೆ ಮೇಲಿದ್ದಿದ್ರೆ ನಾನೂ ಇವತ್ತು ಎಜಿಸೂಲಿ ಇರ್ತಿದ್ದೆ.”

ಟ್ರೊಟ್ರೊ ವ್ಯಾನಿನಲ್ಲಿ ನಾಲ್ಕು ಜನರ ಸೀಟಿನಲ್ಲಿ ಐದನೆಯವಳಾಗಿ ಕೂತು ಅವಳು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಎಚ್ಚರಿಕೆಗೆ ಬೀಗ ಬೇಕು, ಕಂಡಕಂಡವರು ಅದರ ಮೇಲೆ ಪಟ ಅಂಟಿಸಬಾರದು. ಅದರ ಕೆಳಗೆ ಜನರಿಗೆ ಜಾಗ ಬೇಕು, ಹೆಸರು ಹಾಕಿ ಬರೆಯಲಿ, ತನ್ನನ್ನು ಕೇಳದೆ ಬರೆಯಲಿ. ಬರೆದದ್ದನ್ನು ತಾನೊಬ್ಬಳೇ ಅಳಿಸುವ ಹಾಗಿರಬಾರದು. ಎಷ್ಟು ಬಿಗಿ, ಎಷ್ಟು ಸಡಿಲ ಎನ್ನುವುದನ್ನು ಕಂಬ ಹತ್ತುವವರ ಜೊತೆ ಕೂತು ಮಾತಾಡಬೇಕು; ಮೊದಲೇ ಮಾಡಬೇಕಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಇದು, ಎಂದು ತನ್ನ ಮೇಲೇ ಸಿಟ್ಟು ಬಂತು. ಕೋಟೆ ಉಳಿದದ್ದು ಅವಳ ಪುಣ್ಯ.

ಶಾಮಿಯಾನದಲ್ಲಿ ಸಾಲಾಗಿ ಕೂತ ಮನೆಯವರ ಕೈಗಳನ್ನು ಬಲಗಡೆಯಿಂದ ಒಂದೊಂದಾಗಿ ಕುಲುಕುತ್ತಾ ಹೋಗಿ ಅವಳು ಬಂದವರ ಕಡೆ ಕೂತಳು. ಒಬ್ಬ ಹೆಂಗಸು ನೀರು ತಂದು ಎರಡೂ ಕೈಯಲ್ಲಿ ಕೊಟ್ಟಳು. ತಲೆಯೆತ್ತಿ ನೋಡಿದರೆ ಅಸಾಬಿಯಾ, ನ್ಯಾರ್ಕೊನ ಹೆಂಡತಿ. ಒಫೋರಿವಾ ಒಂದೇ ಗುಟುಕು ಕುಡಿದು ಲೋಟ ಕೆಳಗಿಟ್ಟಳು. ಇನ್ನು ಬಂದ ಕಾರಣ ಕೇಳುವ ಶಾಸ್ತ್ರ. ಮನೆಯವರ ಪರವಾಗಿ ಮಾತಾಡುವ ಮುದುಕ ಕೋಲು ಹಿಡಿದು ಎದ್ದ.

“ಇಲ್ಲಿ ಎಲ್ಲಾ ತಣ್ಣಗಿದೆ ತಾಯಿ. ನಿಮ್ಮ ಕಡೆ ಏನು ಸುದ್ದಿ?”

ಎಲ್ಲರೂ ಹೇಳುವ ಮಾತೊಂದಿದೆ: ಕೆಟ್ಟದ್ದೇನೂ ಇಲ್ಲ, ನಿಮ್ಮ ದುಃಖದಲ್ಲಿ ಕೂರಲು ಬಂದೆ. ಅಷ್ಟು ಹೇಳಿ ಕೂತುಬಿಡಬಹುದಿತ್ತು. ಆ ಸಾಲು ಎಲ್ಲೂ ಉಳಿದಿರಲಿಲ್ಲ, ಓದಿದವಳು ಅವಳೊಬ್ಬಳೇ. ಆದರೆ ಅಲ್ಲಿನವರು ಆ ಪ್ರಶ್ನೆಗೆ ಸುಳ್ಳು ಹೇಳುವುದಿಲ್ಲ. ಒಫೋರಿವಾ ಎದ್ದು ನಿಂತು ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಫ್ರಿಂಪಾಂಗ್ ಬರೆದಿದ್ದ, ಅಳಿಸಿದವಳು ನಾನು, ಎಂದಳು. ಡೋಲಿನವರು ಕೂಡ ಕೈ ನಿಲ್ಲಿಸಿದ್ದರು. ಫ್ರಿಂಪಾಂಗ್ ಎದ್ದು ನಿಂತು ತಲೆಯ ಮೇಲೆ ಎರಡೂ ಕೈ ಹೊತ್ತುಕೊಂಡ.

ತವಿಯಾ ಕೂತಲ್ಲಿಂದಲೇ ಕೈ ಎತ್ತಿದರು. “ಸೋಮವಾರ ಕೂತು ಮಾತಾಡೋಣ ಮಗಳೇ. ತಪ್ಪು ನಿಂದೊಬ್ಳದೇ ಅಲ್ಲ, ನಮ್ಮ ಪದ್ಧತಿ ನಿಂಗೆ ಹೇಳಿಕೊಡದೆ ಕೊಂಕು ಆಡ್ದೋರು ನಾವು. ಇವತ್ತು ನಮ್ಮಮ್ಮನ ದಿನ” ಎಂದರು.

ಅಸಾಬಿಯಾ ಮಾತ್ರ ನೀರಿನ ತಂಬಿಗೆ ಹಿಡಿದು ನಿಂತ ಜಾಗದಿಂದ ಕದಲಿರಲಿಲ್ಲ.

“ಓದಿ ಅಳಿಸಿದ್ಯಾ, ಓದದೇ ಅಳಿಸಿದ್ಯಾ?”

“ಓದಿದೆ.”

“ನನ್ನ ಗಂಡನ ಹೆಸ್ರು ಇತ್ತಾ ಅದ್ರಲ್ಲಿ?”

“ಇತ್ತು.”

“ಮತ್ತೆ?”

“ಐದನೇ ಸಾಲು ಆಗಿತ್ತು” ಎಂದಳು ಒಫೋರಿವಾ. ಬಾಯಿಂದ ಹೊರಗೆ ಬಂದ ಮೇಲೆ ಆ ಮಾತು ಎಷ್ಟು ಹೊಲಸಾಗಿದೆ ಎಂದು ಅವಳಿಗೇ ನಾಚಿಕೆಯಾಯಿತು.

ಬೈಗುಳ ಬರುತ್ತದೆ, ಏಟೂ ಬಿದ್ದರೆ ಬೀಳಲಿ ಎಂದು ಕಾದಳು. ಅಸಾಬಿಯಾ ಪಕ್ಕದ ಕುರ್ಚಿಯ ಮೇಲಿನ ಚೀಲ ತೆಗೆದು ನೆಲಕ್ಕಿಟ್ಟಳು.

“ಕೂತ್ಕೋ ಇಲ್ಲಿ. ಅವನು ಸಂಜೆ ಬರ್ತಾನೆ. ಬರೋ ತನಕ ಏಳ್ಬೇಡ. ನಾನು ಹೇಗೆ ಕಾಯ್ತೀನೋ ನೀನೂ ಹಾಗೇ ಕಾಯಿ.”

ಅವಳು ಕೂತಳು. ಡೋಲು ಮತ್ತೆ ಶುರುವಾಯಿತು, ಹೆಂಗಸರು ಕರವಸ್ತ್ರ ಬೀಸುತ್ತಾ ಕುಣಿದರು, ಅನ್ನ ಬಂತು, ಮೀನು ಬಂತು. ಒಫೋರಿವಾ ಒಂದಗುಳೂ ಮುಟ್ಟಲಿಲ್ಲ. ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ರಸ್ತೆಯ ಕಡೆಯಿಂದ ಬರುವ ಪ್ರತಿಯೊಬ್ಬ ಗಂಡಸಿನ ಮುಖವನ್ನೂ ನೋಡುತ್ತಿದ್ದಳು. ಪಕ್ಕದಲ್ಲಿ ಅಸಾಬಿಯಾ ಕೂಡ ನೋಡುತ್ತಿದ್ದಳು.

ಹೊತ್ತು ಇಳಿದ ಮೇಲೆ ಏಣಿ ಗಾಡಿ ಬಂದು ನಿಂತಿತು. ನ್ಯಾರ್ಕೊ ಕೆಸರು ಬೂಟಿನಲ್ಲೇ ಇಳಿದ. ಕಪ್ಪು ಅಂಗಿಯನ್ನು ಗಾಡಿಯ ಮರೆಯಲ್ಲಿ ತೊಟ್ಟು, ಹಿರಿಯರ ಕೈ ಕುಲುಕಿ, ನೇರ ಹೆಂಡತಿಯ ಹತ್ತಿರ ಬಂದ. ಯಾರು ಏನು ಹೇಳಿದ್ದರೋ, ಎಷ್ಟು ಹೇಳಿದ್ದರೋ, ಅವನ ಮುಖದಲ್ಲಿ ಏನೂ ಕಾಣಲಿಲ್ಲ.

“ಊಟ ಇದೆಯೇನೆ? ಬೆಳಿಗ್ಗೆಯಿಂದ ಬರೀ ಬ್ರೆಡ್ಡು” ಎಂದ.

ಒಫೋರಿವಾ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಸಾವಿನ ಮನೆ, ಅಳುವವರನ್ನು ಯಾಕೆಂದು ಯಾರೂ ಕೇಳುವುದಿಲ್ಲ. ಅಸಾಬಿಯಾ ಒಂದು ಕೈಯಲ್ಲಿ ಗಂಡನಿಗೆ ತಟ್ಟೆ ಕೊಟ್ಟಳು, ಇನ್ನೊಂದು ಕೈಯನ್ನು ಒಫೋರಿವಾಳ ಬೆನ್ನ ಮೇಲೆ ಇಟ್ಟಳು.